ಹ್ಯಾಲಿಫ್ಯಾಕ್ಸಿಗೆ ಮೂರು ದಿನ

ಇದನ್ನು ಓದಿ ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಕಟ್ಟಿಕೊಂಡ ಹೆಂಡತಿಯೇ ನಂಬಿಲ್ಲ, ನೀವು ನಂಬಬೇಕೆಂದು ಹಟ ಹಿಡಿಯಲು ನಾನು ಯಾರು? ಆದರೆ ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಆ ರಾತ್ರಿ ನನಗೆ ಜ್ವರ ಇರಲಿಲ್ಲ, ಕುಡಿಯುವ ಅಭ್ಯಾಸ ಮೊದಲೇ ಇಲ್ಲ, ಪಾಳಿಗೆ ಬರುವ ಮುಂಚೆ ಆರು ಗಂಟೆ ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದೆ.

2008ರ ಮಳೆಗಾಲ. ಕೊಚ್ಚಿಯ ಕಾಕ್ಕನಾಡಿನಲ್ಲಿ ಒಂದು ಕಂಪೆನಿಯ ಮೂರನೇ ಮಹಡಿಯಲ್ಲಿ ನನಗೆ ರಾತ್ರಿ ಪಾಳಿ. ಕೆನಡಾದವರು ಫೋನ್ ಮಾಡಿ, ಎರಡು ಮೂರು ದಿನ ಎಲ್ಲಾದರೂ ಹೋಗಿ ಬರಬೇಕು ಎನ್ನುತ್ತಿದ್ದರು. ಎಲ್ಲಿ ಉಳಿಯಬೇಕು, ಏನು ನೋಡಬೇಕು, ಎಲ್ಲಿ ಊಟ ಮಾಡಬೇಕು ಎಂದು ಯೋಜನೆ ಹಾಕಿಕೊಡುವುದು ನಮ್ಮ ಕೆಲಸ. ನನ್ನ ಪಾಲಿಗೆ ಬಂದದ್ದು ಹ್ಯಾಲಿಫ್ಯಾಕ್ಸ್ ಎಂಬ ಹಳೆಯ ಬಂದರು ನಗರ. ಗುಡ್ಡದ ಮೇಲೆ ಕೋಟೆ, ಕೋಟೆಯ ಕೆಳಗೆ ಗಡಿಯಾರದ ಗೋಪುರ, ಮಧ್ಯಾಹ್ನ ಹನ್ನೆರಡಕ್ಕೆ ಹಾರಿಸುವ ತೋಪು, ಕಡಲ ಬದಿಗೆ ಮರದ ಹಲಗೆ ಹಾಸಿದ ದಾರಿ... ಯಾವ ಹೋಟೆಲಿನ ಯಾವ ಕಿಟಕಿಯಿಂದ ಏನು ಕಾಣುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ನಾನು ನೋಡಿದ್ದು ಮಾತ್ರ ಕಂಪ್ಯೂಟರಿನಲ್ಲಿ.

ಅಲ್ಲಿ ನನ್ನ ಹೆಸರು ಕೆವಿನ್. ನಿಜವಾದ ಹೆಸರು ಹೇಳಕೂಡದು. ಇನ್ನೂ ಎರಡು ನಿಯಮಗಳಿದ್ದವು. ಗ್ರಾಹಕರಿಗೆ "ಆಗುವುದಿಲ್ಲ" ಎನ್ನಬಾರದು. ಮತ್ತು ಕರೆಯನ್ನು ನಾವಾಗಿ ಕತ್ತರಿಸಬಾರದು, ಅವರೇ ಫೋನ್ ಇಡಬೇಕು. ಈ ಎರಡು ನಿಯಮಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಿಜವಾದ ಹೆಸರು ಶ್ರೀಧರ. ಕಾಸರಗೋಡಿನವನು, ಕಾನೂನು ಪದವೀಧರ. ಕನ್ನಡ ಬಲ್ಲವರಿಗೆಂದು ಮೀಸಲಾದ ಕೋರ್ಟ್ ಗುಮಾಸ್ತನ ಹುದ್ದೆಗೆ ಪರೀಕ್ಷೆ ಬರೆದು, ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದು, ಕಾಯುತ್ತಾ ಕೂತಿದ್ದೆ. ಆ ಲಿಸ್ಟಿಗೂ ಆಯುಸ್ಸು ಎಂಬುದುಂಟು. ಅದು ಮುಗಿಯಲು ಕೆಲವೇ ದಿನ ಇರುವಾಗ ಕಾಗದ ಬಂತು. ತಿರುವನಂತಪುರದ ಪಟ್ಟಂನ ಲೋಕಸೇವಾ ಆಯೋಗದ ಕಚೇರಿಗೆ ಮೂಲ ಪ್ರಮಾಣಪತ್ರಗಳೊಂದಿಗೆ ಬೆಳಿಗ್ಗೆ ಹನ್ನೊಂದರೊಳಗೆ ಹಾಜರಾಗಬೇಕು, ತಪ್ಪಿದರೆ ಹೆಸರು ರದ್ದು.

ಆ ಕೆಲಸ ಸಿಕ್ಕಿದರೆ ನಾನು ಊರಿಗೆ ಹೋಗಬಹುದಿತ್ತು. ವಾಸಂತಿಯ ಜೊತೆ ಇರಬಹುದಿತ್ತು. ವಾಸಂತಿ ನನ್ನ ಹೆಂಡತಿ. ಕಾಸರಗೋಡಿನಲ್ಲಿ ಕನ್ನಡ ಶಾಲೆಯ ಟೀಚರು. ಕಾಲೇಜಿನಲ್ಲಿ ಹಿಂದುಮುಂದಿನ ಬೆಂಚುಗಳಲ್ಲಿ ಕೂತವರಾದ್ದರಿಂದ ಅವಳು ನನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ನನ್ನ ಅಮ್ಮನಿಗೆ ಅದು ಸರಿ ಬರುವುದಿಲ್ಲ, ನನಗೆ ಬಲು ಇಷ್ಟ. ಮದುವೆಯಾಗಿ ಎರಡು ವರ್ಷವಾದರೂ ನಾವು ಒಟ್ಟಿಗೆ ಇದ್ದ ದಿನಗಳನ್ನು ಬೆರಳು ಮಡಚಿ ಎಣಿಸಬಹುದಿತ್ತು. ಮದುವೆಯಾದ ಹೊಸತರಲ್ಲಿ, ಮೂರು ದಿನ ಎಲ್ಲಾದರೂ ಕಡಲ ಊರಿಗೆ ಹೋಗುವ ಎಂದಿದ್ದೆ. ಊರವರ ಪ್ರವಾಸ ಯೋಜಿಸುವುದರಲ್ಲಿ ಅದು ಹಾಗೇ ಉಳಿಯಿತು.

ಹಾಜರಾಗಬೇಕಾದ ದಿನದ ಹಿಂದಿನ ರಾತ್ರಿಗೆ ರಜೆ ಕೇಳಿದ್ದೆ. ತಂಡದ ಮುಖ್ಯಸ್ಥ ಅನೂಪ್ ಕೊಡಲಿಲ್ಲ.

"ಇವತ್ತು ಕೆನಡಾದಲ್ಲಿ ರಾಷ್ಟ್ರೀಯ ರಜೆ ಮೋನೇ, ಒಂದು ಕಾಲ್ ಸಹ ಬರುವುದಿಲ್ಲ. ಹನ್ನೆರಡರವರೆಗೆ ಯಾರಾದರೂ ಒಬ್ಬ ಕೂತಿರಬೇಕು ಅಷ್ಟೆ. ಹನ್ನೆರಡಕ್ಕೆ ಕ್ಯಾಬ್ ಕಳಿಸುತ್ತೇನೆ, ಒಂದೂಕಾಲರ ರೈಲು ಆರಾಮವಾಗಿ ಸಿಗುತ್ತದೆ," ಎಂದು, ಮಗನನ್ನು ಕರೆಯುವ ಮಲಯಾಳದ ಸಲಿಗೆಯಲ್ಲಿ, ಹೆಗಲು ತಟ್ಟಿದ. ಉಳಿದವರನ್ನೆಲ್ಲ ಕರೆದುಕೊಂಡು ತಾನೂ ಮನೆಗೆ ಹೋದ. ದೂರದ ಊರಿನವನು ನಾನೊಬ್ಬನೇ, ಮನೆಗೆ ಹೋಗಬೇಕಾದ ಅವಸರ ಇವನಿಗೇನು ಎಂದು ಅವರಿಗೆಲ್ಲ ಅನ್ನಿಸಿರಬೇಕು.

ಅರುವತ್ತು ಕುರ್ಚಿಗಳ ಆ ಹಾಲಿನಲ್ಲಿ ಒಬ್ಬನೇ ಕೂತಿದ್ದೆ. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಏಸಿಯ ಗುಂಯ್ ಸದ್ದು. ಕಾಲ ಬಳಿ ಬ್ಯಾಗು, ಬ್ಯಾಗಿನಲ್ಲಿ ಪ್ರಮಾಣಪತ್ರಗಳ ಫೈಲು, ಮೇಜಿನ ಮೇಲೆ ಪಟ್ಟಂನ ಕಾಗದ.

ಹನ್ನೊಂದು ಮುಕ್ಕಾಲಿಗೆ ಫೋನ್ ಬಂತು...

ಮುದುಕನ ದನಿ. ನಿಧಾನದ ಇಂಗ್ಲಿಷು. ಹೆಂಡತಿಯೊಂದಿಗೆ ಮೂರು ದಿನ ಹ್ಯಾಲಿಫ್ಯಾಕ್ಸಿಗೆ ಹೋಗಬೇಕಂತೆ. ಹಿಂದೆ ಅಲೆಯ ಸದ್ದು ಕೇಳುತ್ತಿತ್ತು. ಹತ್ತು ನಿಮಿಷದಲ್ಲಿ ಮುಗಿಸಿಬಿಡೋಣ ಎಂದು ನಾನು ಶುರು ಮಾಡಿದೆ.

"ನಿಮ್ಮ ಪತ್ನಿಗೆ ಏನಿಷ್ಟ ಸರ್?"

"ನೀನೇ ಹೇಳು. ಹೆಂಡತಿಗೆ ಏನಿಷ್ಟ ಎಂದು ನಾನು ಯಾವತ್ತೂ ಕೇಳಿದವನಲ್ಲ."

ನನಗೆ ಯಾಕೋ ಪಾಪ ಅನ್ನಿಸಿತು. ಗೊತ್ತಿದ್ದ ಒಬ್ಬಳೇ ಹೆಂಡತಿಯ ಇಷ್ಟಗಳನ್ನು ಹೇಳತೊಡಗಿದೆ. ಮಂಡಿ ನೋವು, ಮೆಟ್ಟಿಲು ಬೇಡ, ಕೋಟೆಗೆ ಟ್ಯಾಕ್ಸಿಯಲ್ಲೇ ಹೋಗಿ. ಬೆಳಿಗ್ಗೆ ಏಳುತ್ತಲೇ ಕಿಟಕಿಯ ಬಳಿ ಕೂರಬೇಕು ಅವಳಿಗೆ, ಕಡಲ ಕಡೆಯ ಕೋಣೆ ಇರಲಿ. ಗಡಿಯಾರದ ಗಂಟೆ ಕೇಳಿಸಲಿ. ತೋಪಿನ ಸದ್ದಿಗೆ ಬೆಚ್ಚುತ್ತಾಳೆ, ಆಗ ಕೈ ಹಿಡಿದುಕೊಳ್ಳಿ... ಇಷ್ಟೆಲ್ಲ ಗೊತ್ತಿದ್ದೂ ನಾನು ವಾಸಂತಿಯನ್ನು ಒಂದು ಕೋವಳಂ ಕಡಲ ತೀರಕ್ಕೂ ಕರೆದುಕೊಂಡು ಹೋಗಿರಲಿಲ್ಲ.

ಮುದುಕ ಎಲ್ಲದಕ್ಕೂ "ಮತ್ತೆ? ಮತ್ತೆ?" ಎನ್ನುತ್ತಿದ್ದ.

ಹನ್ನೆರಡಾಯಿತು. ಕೆಳಗೆ ಕ್ಯಾಬಿನ ಹಾರನ್ ಕೇಳಿತು.

"ಸರ್, ಇನ್ನೇನಾದರೂ..." ಎಂದೆ. ಅದು ಫೋನ್ ಇಡಿ ಎಂದು ಹೇಳುವ ನಮ್ಮ ಮರ್ಯಾದೆಯ ದಾರಿ.

"ನಿನಗೆ ಅವಸರ ಉಂಟಲ್ಲ?"

ಉಂಟು ಎಂದೆ. ಎಲ್ಲಿಗೆ ಎಂದು ಕೇಳಿದ. ಹೇಳಿದೆ. ಪಟ್ಟಂ, ಹನ್ನೊಂದು ಗಂಟೆ, ಲಿಸ್ಟು, ಕೊನೆಯ ಅವಕಾಶ, ಎಲ್ಲವನ್ನೂ ಹೇಳಿದೆ. ಎರಡು ವರ್ಷದಲ್ಲಿ ಆ ಫೋನಿನಲ್ಲಿ ನನ್ನ ವಿಷಯ ಕೇಳಿದ ಮೊದಲ ಮನುಷ್ಯ ಅವನು. ಮನುಷ್ಯ ಎಂದೇ ಬರೆಯುತ್ತೇನೆ, ಬೇರೆ ಪದ ಬರೆಯಲು ಕೈ ಬರುವುದಿಲ್ಲ.

"ನಮ್ಮ ಪ್ರವಾಸಕ್ಕೆ ಇಷ್ಟು ಮಾಡಿದವನ ನಿಜವಾದ ಹೆಸರೇನು? ಕೆವಿನ್ ಅಲ್ಲ ಎಂದು ಗೊತ್ತು."

ಹೇಳಿಬಿಟ್ಟೆ! ಹೆಸರು, ಅಪ್ಪನ ಹೆಸರು, ಮನೆಯ ಹೆಸರು. ಕಾಗದ ಎದುರಿಗೇ ಇತ್ತು, ಕ್ರಮಸಂಖ್ಯೆ ಕೇಳಿದಾಗ ಅದನ್ನೂ ಓದಿದೆ. ಯಾಕೆ ಓದಿದೆ ಎಂದು ಇವತ್ತಿಗೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ.

ಅವನು ಮೆಲ್ಲಗೆ ನಕ್ಕ. "ಹಾಗಾದರೆ ಒಂದು ಕೆಲಸ ಮಾಡುವ. ನೀನು ಕೂತು ನನ್ನ ಮೂರು ದಿನವನ್ನು ಸರಿಯಾಗಿ ಮುಗಿಸು. ನಿನ್ನ ಬದಲಿಗೆ ನಾನು ಅಲ್ಲಿಗೆ ಹೋಗಿ ಬರ್ತೇನೆ. ಆಗಬಹುದಾ?"

ತಮಾಷೆ ಎಂದುಕೊಂಡೆ. "ಆಗುವುದಿಲ್ಲ" ಎನ್ನಬಾರದಲ್ಲ, ಬಾಯಿ ತನ್ನಷ್ಟಕ್ಕೆ ಅಭ್ಯಾಸದ ಮಾತನ್ನು ಆಡಿತು.

"ಖಂಡಿತ ಸರ್."

ಆಮೇಲೆ ಹೊಳೆಯಿತು... ಅವನು ಕನ್ನಡದಲ್ಲಿ ಮಾತಾಡುತ್ತಿದ್ದ. ನಾನೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದೆ. ಯಾವಾಗ ಇಂಗ್ಲಿಷಿನಿಂದ ಈಚೆ ಬಂದೆವೋ ಗೊತ್ತಿಲ್ಲ. ನಮ್ಮೂರಿನ ಕನ್ನಡ, ನಮ್ಮ ಓಣಿಯ ಕನ್ನಡ.

ಹಾಲಿನಲ್ಲಿ ಒಣಮೀನಿನ, ಒದ್ದೆ ಹಗ್ಗದ ವಾಸನೆ ಬರುತ್ತಿತ್ತು. ಕಡಲು ಅಲ್ಲಿಂದ ಎಷ್ಟೋ ದೂರ.

ಹೆಡ್‌ಫೋನಿನಲ್ಲಿ ಈಗ ಅಲೆಯ ಸದ್ದಿಲ್ಲ. ಜನರ ಗದ್ದಲ, ಚಾಯ ಮಾರುವವನ ಕೂಗು, ಆಮೇಲೆ ರೈಲ್ವೆಯವರ ಟಿಂಗ್ ಟಾಂಗ್. "ಯಾತ್ರಕ್ಕಾರುಡೆ ಶ್ರದ್ಧಯ್ಕ್..." ಎಂದು ಹೆಣ್ಣುದನಿ ಮಲಯಾಳದಲ್ಲಿ ಶುರು ಮಾಡಿತು. ತಿರುವನಂತಪುರಕ್ಕೆ ಹೋಗುವ ರೈಲು ಒಂದನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆಯಂತೆ. ಅದು ನನ್ನ ರೈಲು.

ಆಗ ಅವನು ಕರೆದ.

"ಶ್ರೀಧರಾ..."

ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು, ಮೂರನೇ ಸಲ ಕರೆದ ಮೇಲೆಯೇ ಉತ್ತರಿಸಬೇಕು ಎಂದು ಅಜ್ಜಿ ನಮಗೆಲ್ಲ ಕಲಿಸಿದ್ದಳು. ಅವುಗಳಿಗೆ ಮೂರು ಸಲ ಕರೆಯಲು ಬರುವುದಿಲ್ಲವಂತೆ. ನಮ್ಮ ಮನೆಯ ಮಕ್ಕಳಿಗೆಲ್ಲ ಇದು ಗೊತ್ತು. ಕಾನೂನು ಓದಿದ ನನಗೂ ಗೊತ್ತಿತ್ತು.

ಆದರೆ ಎರಡು ವರ್ಷ ಕೆವಿನ್ ಆಗಿದ್ದವನು ನಾನು. ಆ ಹಾಲಿನಲ್ಲಿ ನನ್ನ ಹೆಸರು ಹಿಡಿದು ಒಬ್ಬರೂ ಕರೆದಿರಲಿಲ್ಲ.

"ಆಂ," ಎಂದೆ, ಮೊದಲನೇ ಕರೆಗೇ.

ಫೋನ್ ಇಟ್ಟ ಸದ್ದು ಕೇಳಿತು.

ಫೋನಿನಲ್ಲಿ ಮಾತಿನ ಅವಧಿ ಮೂವತ್ತೊಂದು ನಿಮಿಷ ಎಂದು ತೋರಿಸುತ್ತಿತ್ತು. ಸದ್ಯ, ಓಡಿದರೆ ಸಿಗಬಹುದು ಎಂದು ಎದ್ದು ಬ್ಯಾಗು ಹೆಗಲಿಗೆ ಹಾಕಿದೆ. ಕಿಟಕಿಯ ಹೊರಗೆ ಬೆಳಕಿತ್ತು. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ.

ಕೆಳಗೆ ಗೇಟಿನಲ್ಲಿ ಕಾವಲಿನ ಪೌಲಿ ಚೇಟ್ಟನ್ ನನ್ನನ್ನು ನೋಡಿ ಚಾಯದ ಲೋಟ ಕೈಬಿಟ್ಟ.

"ನೀನು... ರಾತ್ರಿಯೇ ಕ್ಯಾಬ್ ಹತ್ತಿ ಹೋದೆಯಲ್ಲ ಮೋನೇ? ನಾನು ಕರೆದೆ, ನೀನು ತಿರುಗಿ ನೋಡಲಿಲ್ಲ. ಮೇಲೆ ಯಾವಾಗ ಬಂದೆ?"

ಎದೆಯ ಮೇಲೆ ಶಿಲುಬೆ ಬರೆದುಕೊಂಡ. ಹೋಗಿ ಬರುವವರ ಸಹಿಯ ಪುಸ್ತಕ ತೆರೆದು ತೋರಿಸಿದ. ಹನ್ನೆರಡೂ ಕಾಲು, ಶ್ರೀಧರ, ಸಹಿ. ನನ್ನದೇ ಸಹಿ, ಕನ್ನಡದಲ್ಲಿ. ಆ ಕಟ್ಟಡದಲ್ಲಿ ಕನ್ನಡದಲ್ಲಿ ಸಹಿ ಹಾಕುವವನು ನಾನೊಬ್ಬನೇ.

ಸಿಕ್ಕಿದ ಬಸ್ಸು ಹತ್ತಿದೆ. ದಾರಿಯಲ್ಲಿ ಫೈಲು ತೆಗೆದು ನೋಡಿದರೆ ಪ್ರಮಾಣಪತ್ರಗಳೆಲ್ಲ ಇದ್ದವು. ಒದ್ದೆಯಾಗಿದ್ದವು. ಬೆರಳು ನಾಲಿಗೆಗೆ ಇಟ್ಟುಕೊಂಡೆ, ಉಪ್ಪಾಗಿತ್ತು.

ಇಂಥ ಕಥೆಗಳಲ್ಲಿ ತಪ್ಪಿಹೋದ ರೈಲು ಹಳಿ ತಪ್ಪುತ್ತದೆ, ದೆವ್ವ ಬಂದು ನಿಮ್ಮನ್ನು ಉಳಿಸಿರುತ್ತದೆ, ಅಲ್ಲವೇ? ನನ್ನ ರೈಲಿಗೆ ಏನೂ ಆಗಲಿಲ್ಲ. ಹೊತ್ತಿಗೆ ಮೊದಲೇ ತಲುಪಿತಂತೆ. ನನಗೆ ಬಂದದ್ದು ಉಳಿಸುವ ಜಾತಿಯದಲ್ಲ.

ಪಟ್ಟಂ ತಲುಪುವಾಗ ಒಂದು ಗಂಟೆ ದಾಟಿತ್ತು. ಕನ್ನಡ ಕಾಗದಗಳನ್ನು ನೋಡಲು ಅಲ್ಲಿ ನಮ್ಮೂರಿನವರೇ ಒಬ್ಬರಿದ್ದರು, ವಾಸುದೇವ ರಾಯರು. ವಾಸಂತಿಯ ಸೋದರಮಾವನಿಗೆ ಗೊತ್ತಿದ್ದವರು. ಕೈ ಮುಗಿದು, ತಡವಾಯಿತು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಮಾರಾಯ್ರೆ, ಪುನಃ ಬಂದ್ರಿ? ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಇಲ್ಲಿ ಕೂತಿದ್ರಿ ನೀವು."

"ನಾನಲ್ಲ ಸರ್..."

"ನೀವೇ. ಕಾಗದ ಎಲ್ಲ ತೋರಿಸಿದ್ರಿ, ಎಲ್ಲ ಸರಿ ಇತ್ತು. ಆಮೇಲೆ ಕೆಲಸ ಬೇಡ ಅಂತ ಬರ್ದು ಕೊಟ್ರಿ. ನಾನು ಎಷ್ಟು ಹೇಳಿದೆ! ನಗ್ತಾ ಇದ್ರಿ. ನೆನೆದು ಚಂಡಿ ಆಗಿದ್ರಿ, ಕಾಲಲ್ಲಿ ಚಪ್ಪಲಿ ಸಹ ಇರ್ಲಿಲ್ಲ. ಹೆಂಡತಿಯನ್ನು ಕರ್ಕೊಂಡು ಮೂರು ದಿನ ಎಲ್ಲಿಯೋ ಕೆನಡಾಕ್ಕೆ ಹೋಗ್ಲಿಕ್ಕುಂಟು ಅಂತ ಹೇಳಿದ್ರಿ."

ಕಾಗದ ತೋರಿಸಿದರು. ಆರು ಸಾಲು. 'ನನಗೆ ಈ ಹುದ್ದೆ ಬೇಡ' ಎಂದು ನನ್ನ ಅಕ್ಷರದಲ್ಲಿ, ಕೆಳಗೆ ನನ್ನ ಸಹಿ. ನಾನು 'ಳ' ಬರೆಯುವಾಗ ಬಾಲವನ್ನು ಸ್ವಲ್ಪ ಉದ್ದ ಎಳೆಯುತ್ತೇನೆ. ಅದೂ ಹಾಗೇ ಇತ್ತು.

ಅತ್ತುಬಿಟ್ಟೆ. ಆ ಕಚೇರಿಯ ಜಗಲಿಯಲ್ಲಿ, ಹಗಲು ಹೊತ್ತಿನಲ್ಲಿ, ಜನರ ಎದುರಿಗೆ ಅತ್ತೆ. ರಾಯರ ತಪ್ಪಿಲ್ಲ. ಬಂದವನು ನಾನೇ, ಬರೆದವನು ನಾನೇ ಎಂದಾದ ಮೇಲೆ ಯಾರನ್ನು ಬೈಯುವುದು?

ಕಂಪೆನಿಯಲ್ಲಿ ಹುಡುಕಿಸಿದೆ. ಆ ರಾತ್ರಿ ಯಾವ ಕರೆಯೂ ಬಂದ ದಾಖಲೆ ಇಲ್ಲ. ಆದರೆ ನನ್ನ ಕಂಪ್ಯೂಟರಿನಲ್ಲಿ ಮೂರು ದಿನದ ಯೋಜನೆ ಪೂರ್ತಿ ಸಿದ್ಧವಾಗಿತ್ತು. ಕಡಲ ಕಡೆಯ ಕೋಣೆ, ಟ್ಯಾಕ್ಸಿ, ಗಡಿಯಾರದ ಗಂಟೆ... ಪ್ರಯಾಣಿಕರ ಹೆಸರಿನ ಜಾಗದಲ್ಲಿ ಶ್ರೀಧರ, ವಾಸಂತಿ. ದಿನಾಂಕದ ಜಾಗ ಖಾಲಿ. ಹನ್ನೆರಡಕ್ಕೆ ಮುಚ್ಚಬೇಕಾದ ಲೈನನ್ನು ತೆರೆದಿಟ್ಟು, ಆರು ಗಂಟೆ ಕಾಲ ಯಾವ ಕರೆಯನ್ನೂ ತೆಗೆದುಕೊಳ್ಳದ್ದಕ್ಕೆ ಅನೂಪ್ ನನಗೊಂದು ಮೆಮೊ ಕೊಟ್ಟ.

ಸುದ್ದಿ ನನಗಿಂತ ಮುಂಚೆ ಕಾಸರಗೋಡು ಮುಟ್ಟಿತ್ತು. ರಾಯರು ವಾಸಂತಿಯ ಸೋದರಮಾವನಿಗೆ ಫೋನ್ ಮಾಡಿದ್ದರು, ಮಾವ ಅವಳಿಗೆ ಆ ಕಾಗದದ ಜೆರಾಕ್ಸನ್ನೂ ತರಿಸಿಕೊಟ್ಟಿದ್ದ. ನಾನು ಹೋದಾಗ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ, ಈಗ ನಿಮಗೆ ಹೇಳಿದ ಹಾಗೆಯೇ.

"ನಿನ್ನ ಅಕ್ಷರ ನಂಗೆ ಗೊತ್ತಿಲ್ವಾ ಶ್ರೀಧರ?" ಎಂದಳು. ದನಿ ಏರಿಸಲಿಲ್ಲ. "ನನ್ನೊಟ್ಟಿಗೆ ಇರ್ಲಿಕ್ಕೆ ಮನಸ್ಸಿಲ್ಲ ಅಂತ ನೇರ ಹೇಳ್ಬಹುದಿತ್ತು. ಇಷ್ಟೆಲ್ಲ ಕಥೆ ಎಂತಕ್ಕೆ?"



ಕೊಚ್ಚಿಯ ಕೆಲಸ ಬಿಟ್ಟೆ. ಊರಲ್ಲೇ ಒಬ್ಬ ವಕೀಲರ ಕೈಕೆಳಗೆ ಅರ್ಜಿ ಬರೆಯುತ್ತಾ ಇದ್ದೇನೆ. ಒಂದೇ ಮನೆಯಲ್ಲಿ ಇದ್ದೇವೆ, ನಾನು ಬಯಸಿದ್ದು ಅದನ್ನೇ ಅಲ್ಲವೇ? ಅವಳು ಆ ಜೆರಾಕ್ಸನ್ನು ಎಸೆದಿಲ್ಲ. ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿದೆ. ಮಳೆಗಾಲದಲ್ಲಿ ಆ ಬೀರು ತೆರೆದರೆ ಒಣಮೀನಿನ ವಾಸನೆ ಬರುತ್ತದೆ, ಇಲಿ ಸತ್ತಿರಬೇಕು ಎನ್ನುತ್ತಾಳೆ.

ಕೆಲವು ರಾತ್ರಿ ಕತ್ತಲಲ್ಲಿ ಪಕ್ಕದಿಂದ ಮೆಲ್ಲಗೆ "ಶ್ರೀಧರಾ..." ಎಂದು ಕೇಳುತ್ತದೆ. ಅವಳದೇ ದನಿ. ಏನೋ ಹೇಳಲಿಕ್ಕುಂಟು, ಬಹುಶಃ ಕ್ಷಮಿಸಲಿಕ್ಕುಂಟು ಎನ್ನುವ ದನಿ. ನಾನು ಉಸಿರು ಬಿಗಿ ಹಿಡಿದು ಎಣಿಸುತ್ತೇನೆ. ಸ್ವಲ್ಪ ಹೊತ್ತು ಕಳೆದು ಇನ್ನೊಮ್ಮೆ, "ಶ್ರೀಧರಾ, ನಿದ್ದೆ ಬಂತಾ?"

ಮೂರನೇ ಸಲಕ್ಕೆ ಕಾಯುತ್ತೇನೆ. ಅವಳು ಆಚೆ ಮಗ್ಗುಲಾಗುವ ಸದ್ದು ಕೇಳುತ್ತದೆ. ಮೂರನೇ ಸಲ ಇಲ್ಲಿಯವರೆಗೆ ಕರೆದಿಲ್ಲ.