ಸಿಪಾಯಿ ದೊಡ್ಡಪ್ಪನ ಟವೆಲ್

ನಮ್ಮ ಬೀದಿಯ ಸಿಪಾಯಿ ದೊಡ್ಡಪ್ಪ ಎದುರು ಬಂದವರ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದರು. ಮದುಮಗಳೇ ಬರಲಿ, ಇಂಜಿನಿಯರೇ ಬರಲಿ, "ಕಾಲು ಒದ್ದೆ ಇದೆಯಲ್ಲ, ಮೊದ್ಲು ಒರೆಸ್ಕೊಳ್ಳಿ" ಎಂದ ಮೇಲೆಯೇ ಕುಶಲ ವಿಚಾರಿಸುತ್ತಿದ್ದುದು. ಯುದ್ಧ ಮುಗಿಸಿ ಬಂದವರು ಕೊನೆಯವರೆಗೂ ಬೀದಿಯ ಹಿರಿತನ ನಡೆಸಿದರು. ಚರಂಡಿ ಮಾಡಿಸಿದ್ದು, ವಾಚನಾಲಯ ಕಟ್ಟಿಸಿದ್ದು ಅವರೇ. ಜಗಳವಾಡಿಕೊಂಡು ಬಂದವರ ಚಪ್ಪಲಿ ಬಿಡಿಸಿ, ಇಬ್ಬರಿಗೂ ಸೇರಿ ಒಂದೇ ಟವೆಲ್ ಕೊಡುತ್ತಿದ್ದರು. ಅದು ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ನಡುಗೋಡೆಯ ವಿಷಯಕ್ಕೆ ಮಾತು ಬಿಟ್ಟಿದ್ದ ಬೇಕರಿಯಣ್ಣ ಮತ್ತು ದರ್ಜಿಯಾಗಿದ್ದ ಅವನ ತಮ್ಮ ಮಾತ್ರ ಟವೆಲನ್ನು ನೆಲದ ಮೇಲಿಟ್ಟೇ ದಾಟಿಸುತ್ತಿದ್ದರು. "ನೀವಿಬ್ರೂ ರಾಜಿಯಾಗೋದನ್ನ ನೋಡದೆ ಸಾಯೋಲ್ಲ ಕಣ್ರೋ" ಎಂದು ದೊಡ್ಡಪ್ಪ ಗದರಿದರೆ, "ಹಾಗಾದ್ರೆ ನೂರು ವರ್ಷ ಗ್ಯಾರಂಟಿ ಬಿಡಿ" ಎಂದು ದರ್ಜಿ ನಗುತ್ತಿದ್ದ. ಇಷ್ಟೆಲ್ಲ ಹೇಳುವ ದೊಡ್ಡಪ್ಪ ತಮ್ಮ ಕಾಲುಚೀಲವನ್ನು ಮಾತ್ರ ಯಾರೆದುರೂ ಬಿಚ್ಚುತ್ತಿರಲಿಲ್ಲ. ಮೊನ್ನೆ ಮಳೆಯ ಬೆಳಿಗ್ಗೆ ಅವರು ತೀರಿಕೊಂಡರು. ಸ್ನಾನ ಮಾಡಿಸಲು ನಾವೇ ಬಿಚ್ಚಿದೆವು. ಎರಡು ಪಾದಗಳಲ್ಲೂ ಬೆರಳುಗಳೇ ಇರಲಿಲ್ಲ. "ಹಿಮದಲ್ಲಿ ಹೋದ್ವು" ಎಂದರು ದೊಡ್ಡಮ್ಮ. "ಒಣಗಿದ ಕಾಲುಚೀಲ ಒಂದೇ ಜೊತೆ ಇತ್ತಂತೆ, ಅದನ್ನ ಗಾಯವಾದ ಗೆಳೆಯನಿಗೆ ಹಾಕಿಬಿಟ್ರಂತೆ. ಬರಿಗಾಲಲ್ಲಿ ಕಳಿಸಬೇಡ್ರಪ್ಪಾ, ಒಣ ಕಾಲುಚೀಲ ಯಾರ ಮನೇಲಿದೆ ನೋಡಿ." ಹಗ್ಗದ ಮೇಲಿದ್ದುದೆಲ್ಲ ನೆಂದಿತ್ತು. ಬೇಕರಿಯಣ್ಣ ಓಡಿಹೋಗಿ, ಒಲೆಯ ಕಾವಿಗೆ ಒಣಗಿಸಿಕೊಂಡು ಒಂದು ಜೊತೆ ತಂದ. ಬಲಗಾಲಿಗೆ ತಾನು ತೊಡಿಸಿ, ಉಳಿದದ್ದನ್ನು ತಮ್ಮನತ್ತ ಚಾಚಿದ. ತಮ್ಮ ಅದನ್ನು ಅವನ ಕೈಯಿಂದಲೇ ತೆಗೆದುಕೊಂಡ.