ಸವಿತಾಳ ಫೋನಿಗೆ ಬಂದ ಕರೆ

ಸವಿತಾ, ಬ್ಯಾಂಕಿನಿಂದ ನಿನಗೆ ಬಂದ ಆ ಫೋನನ್ನು ಎತ್ತಿದವಳು ನಾನು. ಎತ್ತಿ, ಅವರ ಮಾತು ಕೇಳಿಸಿಕೊಂಡು, ‘ಹೇಳ್ತೀನಿ ಸಾರ್’ ಎಂದು ಒಪ್ಪಿಕೊಂಡು, ನಿನಗೆ ಹೇಳದೆ ಮುಚ್ಚಿಟ್ಟವಳೂ ನಾನೇ. ಎದುರಿಗೆ ಹೇಳಬೇಕೆಂದು ಎಷ್ಟೋ ಸಲ ನಿನ್ನ ಹತ್ತಿರ ಬಂದೆ. ಬಂದು, ಬೇರೆ ಏನೋ ಮಾತಾಡಿ ಹೋದೆ.

ಹಾರೋಹಳ್ಳಿಯ ನಮ್ಮ ಗಾರ್ಮೆಂಟ್ಸಿನಲ್ಲಿ ನಾನು ಲೈನ್ ಸೂಪರ್‌ವೈಸರ್, ನೀನು ನನ್ನ ಲೈನಿನ ಟೈಲರ್. ಕೋಡಿಹಳ್ಳಿಯಲ್ಲಿ ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿಸಿದಾಗ ನೀನು ಲೈನಿಗೆಲ್ಲ ಒಬ್ಬಟ್ಟು ತಂದು ಹಂಚಿದ್ದೆ. ಆಮೇಲೆ ಗೂಡ್ಸ್ ಆಟೊ ಓಡಿಸುತ್ತಿದ್ದ ನಿನ್ನ ಗಂಡ ಮಂಜು ಕಾಲು ಮುರಿದುಕೊಂಡು ಮನೆಯಲ್ಲಿ ಕುಳಿತ. ಕಂತು ನಿಂತಿತು. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಕೂತಿರುತ್ತಿದ್ದ ನಿನ್ನನ್ನು ನೋಡಲಾರದೆ ನನ್ನ ಚಿಕ್ಕಮ್ಮನ ಮಗ ಲೋಕೇಶನನ್ನು ಪರಿಚಯ ಮಾಡಿಸಿದೆ. ಮನೆ ಸಾಲದ ತಕರಾರು ಬಗೆಹರಿಸಿಕೊಡುತ್ತೇನೆಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ‘ನಮ್ಮೋನೇ ಕಣೆ, ಹೆದ್ರುಕೋಬ್ಯಾಡ’ ಅಂದೆ. ನೀನು ನಂಬಿದ್ದು ಅವನನ್ನಲ್ಲ, ನನ್ನನ್ನು.

‘ಇನ್ಮ್ಯಾಕೆ ಬ್ಯಾಂಕಿಗೆ ಕಟ್ಬ್ಯಾಡಿ, ಕಂತಿನ ದುಡ್ಡು ನನ್ ಕೈಗೆ ಕೊಡಿ. ಒಳಗಿರೋರ್ ತಾವ ಮಾತಾಡಿ ಸಾಲನೇ ಇಳಿಸ್ಬುಡ್ತೀನಿ. ಅವ್ರು ಫೋನ್ ಮಾಡುದ್ರೆ ಎತ್ಬ್ಯಾಡಿ, ಆ ಕಡೆ ತಲೆನೂ ಹಾಕ್ಬ್ಯಾಡಿ’ ಅಂದ. ಸಾಲ ಬಗೆಹರಿಸಲು ಬಂದವನು ಸಾಲ ಕೊಟ್ಟವರ ಜೊತೆ ಮಾತೇ ಬೇಡ ಅನ್ನುತ್ತಾನೆ! ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ನೀನು ಓಲೆ ಅಡವಿಟ್ಟು ಅವನಿಗೆ ದುಡ್ಡು ಕೊಟ್ಟೆ.

ಕೆಲಸದ ಹೊತ್ತಿನಲ್ಲಿ ಎಲ್ಲರ ಫೋನೂ ನನ್ನ ಮೇಜಿನ ಮೇಲಿನ ಡಬ್ಬಿಯಲ್ಲಿರುತ್ತದಲ್ಲ—ಅವತ್ತು ನಿನ್ನ ಬಟನ್ ಫೋನು ಬಿಡದೆ ಹೊಡೆದುಕೊಂಡಿತು. ಮ್ಯಾನೇಜರ್ ಕಣ್ಣು ಬಿಟ್ಟರೆಂದು ಎತ್ತಿದೆ. ಬ್ಯಾಂಕಿನ ಹುಡುಗ. ದನಿಯಲ್ಲಿ ಜೋರಿರಲಿಲ್ಲ. ‘ಈ ತಿಂಗಳೊಳಗೆ ಕನಕಪುರದ ಬ್ರಾಂಚಿಗೆ ಬಂದು ಒಂದು ಅರ್ಜಿ ಕೊಡೋಕೆ ಹೇಳಿ ಮೇಡಂ. ಅವಧಿ ಜಾಸ್ತಿ ಮಾಡಿ ಕಂತು ಕಡಿಮೆ ಮಾಡೋಕೆ ಆಗುತ್ತೆ. ತಿಂಗಳು ದಾಟಿದ್ರೆ ನಮ್ಮ ಕೈಲಿರಲ್ಲ. ಇಷ್ಟು ದಿನವಾದ್ರೂ ಒಂದು ಕಂತೂ ಬಂದಿಲ್ಲ’ ಅಂದ. ಒಂದೂ ಬಂದಿಲ್ಲ ಅಂದರೆ, ನೀನು ಕೊಟ್ಟ ದುಡ್ಡು—

ಆಗಲೇ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಮೆಟ್ಟಿಲ ಹತ್ತಿರ ಹೋಗಿ ಲೋಕೇಶನಿಗೆ ಫೋನ್ ಮಾಡಿದೆ. ಅವನು ನಕ್ಕ. ‘ಬ್ಯಾಂಕೋರು ಹಂಗೇ ಹೆದ್ರುಸೋದು ಕಣಕ್ಕ. ನೀನೇ ಕರ್ಕಬಂದು ನೀನೇ ಬಾಯ್ಬುಟ್ರೆ ಯಾರ್ ಮರ್ವಾದೆ ಹೋಯ್ತದೆ, ಯೋಚ್ನೆ ಮಾಡು’ ಅಂದ. ನಾನು ಯೋಚನೆ ಮಾಡಿದ್ದು ಅದನ್ನೇ. ಲೈನಿನ ಹೆಂಗಸರು ಏನಂದಾರು, ಚಿಕ್ಕಮ್ಮನ ಮನೆಗೆ ಮತ್ತೆ ಹೇಗೆ ಹೋಗಲಿ—ನಿನ್ನ ಮನೆಯ ಯೋಚನೆ ಆಮೇಲೆ ಬಂತು.

ಸಂಜೆ ಫೋನು ತೆಗೆದುಕೊಳ್ಳುವಾಗ ನೀನು ಕೇಳಿದೆ, ‘ಅಕ್ಕ, ಯಾರಾದ್ರೂ ಫೋನ್ ಮಾಡಿದ್ರಾ?’

‘ಯಾರೂ ಇಲ್ಲ ಕಣೆ.’

ಬಂದ ಕರೆಯನ್ನು ಅಷ್ಟರಲ್ಲಿ ಅಳಿಸಿಯಾಗಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ತಿಂಗಳು ದಾಟಿತು. ಲೋಕೇಶನ ಫೋನು ಸ್ವಿಚ್ ಆಫ್ ಆಯಿತು. ನಿನ್ನ ಮನೆಯ ಬಾಗಿಲಿಗೆ ನೋಟಿಸು ಅಂಟಿತು.

ಬ್ಯಾಂಕಿಗೆ ಹೋಗುವಾಗ ಧೈರ್ಯಕ್ಕಿರಲಿ ಎಂದು ನನ್ನನ್ನೇ ಕರೆದುಕೊಂಡು ಹೋದೆಯಲ್ಲ. ಅಲ್ಲಿನವರು ಕಂಪ್ಯೂಟರ್ ನೋಡಿ, ‘ಫೋನ್ ತೆಗೆದವರು ಹೇಳ್ತೀನಿ ಅಂದಿದ್ದಾರಲ್ಲಮ್ಮ’ ಅಂದರು. ನೀನು ಮಿಕಮಿಕ ನೋಡಿದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಬಸ್ಸಿನಲ್ಲಿ ವಾಪಸು ಬರುವಾಗ ನೀನೇ ಲೆಕ್ಕ ಹಾಕಿದೆ. ‘ಒಂದೊಂದಿನ ಫೋನ ಮನೇಲೇ ಬುಟ್ಟು ಬತ್ತಿದ್ದೆ ಕಣಕ್ಕ. ನಮ್ ಮನೆಯೋರೇ ಎತ್ತವ್ರೆ. ಎತ್ಬುಟ್ಟು ನಂಗೆ ಹೇಳ್ದಂಗೆ ಮುಚ್ಚಾಕವ್ರೆ.’

ನಾನು ಕಿಟಕಿಯ ಕಡೆ ತಿರುಗಿ, ‘ಇರ್ಬೌದು’ ಅಂದೆ.

ಆ ಫೋನಿನ ವಿಷಯ ಮುಚ್ಚಿಟ್ಟದ್ದಕ್ಕಿಂತ ಈ ಒಂದು ಮಾತು ದೊಡ್ಡ ಪಾಪ. ಮನೆ ಹರಾಜಾಯಿತು. ಬಾಡಿಗೆಯ ಒಂದೇ ಕೋಣೆಯಲ್ಲಿ ನೀವಿಬ್ಬರೂ ಮಾತು ಬಿಟ್ಟು ಬದುಕುತ್ತಿದ್ದೀರಿ. ಆ ಫೋನು ತಾನು ಎತ್ತಿಲ್ಲ ಎಂದು ಮಂಜು ಮಗಳ ತಲೆ ಮುಟ್ಟಿ ಆಣೆ ಮಾಡಿದರೂ ನೀನು ನಂಬಲಿಲ್ಲ. ಮೊನ್ನೆ ನನ್ನ ಕೈ ಹಿಡಿದುಕೊಂಡು, ಮಗಳನ್ನು ಕರೆದುಕೊಂಡು ತವರಿಗೆ, ಕಲ್ಯಕ್ಕೆ ಹೊರಟುಹೋಗುತ್ತೇನೆ ಅಂದೆ. ‘ನಂಗೆ ಅಂತ ಇರೋಳು ನೀನೊಬ್ಳೇ ಅಕ್ಕ’ ಅಂದೆ. ಮನೆಗೆ ಬಂದು ಈ ಕಾಗದ ಬರೆಯಲು ಕೂತೆ.

ಲೋಕೇಶನ ಮೇಲೆ ದೂರು ಕೊಡುವಾಗ ಇಲ್ಲಿ ಬರೆದಿರುವುದನ್ನೆಲ್ಲ ಪೊಲೀಸರ ಮುಂದೆಯೂ ಹೇಳುತ್ತೇನೆ. ಅದರಿಂದ ನಿನ್ನ ಮನೆ ವಾಪಸು ಬರುವುದಿಲ್ಲ, ನನಗೆ ಗೊತ್ತು. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಕಲ್ಯದ ಬಸ್ಸು ಹತ್ತುವ ಮೊದಲು ಇದನ್ನು ಮಂಜುವಿನ ಕೈಗೆ ಕೊಡು, ಸವಿತಾ. ಅವನು ಮಗಳ ತಲೆ ಮುಟ್ಟಿ ಹೇಳಿದ್ದು ನಿಜ.