ಬೋಂಡಾ ಒಯ್ದ ಗರುಡ

ನಮ್ಮ ಅಕ್ಕನ ಮದುವೆ ಗಟ್ಟಿಯಾದದ್ದು ಒಂದು ಹಕ್ಕಿಯ ಬಾಲದಿಂದ.

ಮಹಾಯುದ್ಧ ಮುಗಿದ ಹೊಸತು. ಹಲಸೂರಿನ ನಮ್ಮ ಮನೆಗೆ ಗಂಡಿನ ಕಡೆಯವರು ಬಂದಿದ್ದರು. ಮಾತೆಲ್ಲ ಮುಗಿದು ತಾಂಬೂಲ ಬದಲಾಯಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಗಂಡಿನ ದೊಡ್ಡಪ್ಪ, ಗರುಡನನ್ನು ನೋಡದೆ ತಮ್ಮ ಮನೆಯವರು ತಾಂಬೂಲದ ತಟ್ಟೆ ಮುಟ್ಟುವುದಿಲ್ಲ ಎಂದುಬಿಟ್ಟರು. ಅವರು ಮಾತಾಡಿದರೆ ಗಂಟಲಲ್ಲಿ ಯಾರೋ ಮರಳು ಜರಡಿ ಹಿಡಿದ ಹಾಗೆ. ನಾನು ಆಗಲೇ ಮನಸ್ಸಿನಲ್ಲಿ ಅದನ್ನು ಅಣಕಿಸುವ ಅಭ್ಯಾಸ ಶುರುಮಾಡಿದ್ದೆ.

ಎಲ್ಲರೂ ಅಂಗಳಕ್ಕಿಳಿದು ಕತ್ತೆತ್ತಿದೆವು. ದೊಡ್ಡಪ್ಪ ಕೈಲಿದ್ದ ಬೋಂಡಾ ಸಮೇತ ಬಂದರು. ನಮ್ಮಲ್ಲಿ ಹದ್ದಿಗೇನು ಬರ? ರಸೆಲ್ ಮಾರುಕಟ್ಟೆಯ ಮಾಂಸದಂಗಡಿಗಳಲ್ಲಿ ಉಂಡು, ಅರಗಿಸಿಕೊಳ್ಳಲು ನಮ್ಮ ತಲೆಯ ಮೇಲೆ ಸುತ್ತುತ್ತಿದ್ದವು. ಬಿಳಿ ಕತ್ತಿನ ಗರುಡ ಮಾತ್ರ ಕೆರೆಯ ಕಡೆ ಅಪರೂಪಕ್ಕೆ. ಅಂದು ಮೇಲಿದ್ದದ್ದು ಒಂದೇ ಹಕ್ಕಿ, ಮೈಯೆಲ್ಲ ಕಂದು. ಅದು ಗರುಡನ ಮರಿ, ಇನ್ನೂ ಬಿಳಿ ಬಂದಿಲ್ಲ ಎಂದರು ನಮ್ಮ ತಾತ. ಹದ್ದು ಎಂದರು ದೊಡ್ಡಪ್ಪ. ಗರುಡನ ಬಾಲ ದುಂಡು, ಹದ್ದಿನದು ಕವಲು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಬಾಗಿಲ ಹಿಂದೆ ಅಕ್ಕ ಸೆರಗು ಕಚ್ಚಿ ನಿಂತಿದ್ದಳು. ಎರಡು ತಿಂಗಳಿಂದ ಸೈಕಲ್ಲಿನಲ್ಲಿ ನಮ್ಮ ಬೀದಿಯಲ್ಲೇ ದಾರಿ ತಪ್ಪುತ್ತಿದ್ದ ಆ ಗಂಡು ಅವಳಿಗೆ ಬಹಳ ಹಿಡಿಸಿದ್ದ.

"ಕೂಗಿ ಕರಿಯೋ ಅದನ್ನ," ಎಂದರು ತಾತ ನನಗೆ. "ಹತ್ರ ಬರ್ಲಿ, ಬಾಲ ನೋಡೋಣ."

ಬೀದಿಯವರನ್ನೆಲ್ಲ ಅಣಕಿಸಿ ಒದೆ ತಿಂದ ಗಂಟಲು ನನ್ನದು. ಆದರೂ ಗರುಡನ ಕೂಗು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಹದ್ದುಗಳಿಗೆ ಕೋಳಿ ಕರುಳು ಎಸೆಯುವಾಗ ಹಾಕುತ್ತಿದ್ದ ಸಿಳ್ಳೆಯೊಂದೇ. ಅದನ್ನೇ ಹಾಕಿದೆ. ಹಕ್ಕಿ ಸರ್ರನೆ ಇಳಿದು, ದೊಡ್ಡಪ್ಪನ ಕೈಯ ಬೋಂಡಾ ಕಿತ್ತುಕೊಂಡು, ದರ್ಜಿಯ ಕತ್ತರಿಯಂಥ ಬಾಲವನ್ನು ನಮ್ಮೆಲ್ಲರ ಮೂಗಿನ ಮುಂದೆ ಆಡಿಸಿ ಹೋಯಿತು.

ಅಕ್ಕನ ಮುಖ ಬಿಳುಚಿತು. ಗಂಡು ನಗು ತಡೆಯಲಾರದೆ ಕೆಮ್ಮಿದ. ದೊಡ್ಡಪ್ಪ ಎಣ್ಣೆ ಮೆತ್ತಿದ ಖಾಲಿ ಬೆರಳುಗಳನ್ನೇ ನೋಡುತ್ತ ನಿಂತರು. ಹದ್ದು ಎಂದರೆ ಅವರು ಬೀಗರ ಮನೆಯಲ್ಲಿ ತಿಂಡಿ ಕಳೆದುಕೊಂಡ ಪೆದ್ದ. ಗರುಡ ಎಂದರೆ ನೈವೇದ್ಯ ಕೊಟ್ಟ ಪುಣ್ಯವಂತ. ಅವರು ನಿಧಾನವಾಗಿ ಕೆನ್ನೆ ಬಡಿದುಕೊಂಡರು.

"ಗರುಡನೇ ಕಣ್ರೀ. ಬಾಲ ದುಂಡಗಿತ್ತು, ನೋಡ್ಲಿಲ್ವಾ?"

ನೋಡಿದೆವು ಎಂದೆವು ಎಲ್ಲರೂ. ತಾಂಬೂಲ ಬದಲಾಯಿತು.

ಅವರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಗಂಟಲಿಗೆ ಮರಳು ತಂದುಕೊಂಡು, "ಬಾಲ ದುಂಡಗಿತ್ತು" ಎಂದೆ. ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಬಾಯಿಗೆ ಇಡೀ ಬೋಂಡಾ ತುರುಕಿದಳು.

"ಮದ್ವೆ ಆಗೋವರ್ಗೂ ಇದನ್ನೇ ಅಗೀತಿರು."